ಹತ್ತು ಸಾವಿರ ಬಂಡೆ, ಒಂದಿಂಚು ನೀರು

ಮನುಷ್ಯ ಈ ಭೂಮಿಯ ಮೇಲೆ ಬಿಟ್ಟುಹೋಗುವ ವಸ್ತುಗಳಲ್ಲಿ ಅತ್ಯಂತ ದೀರ್ಘಾಯುಷಿಯಾದದ್ದು ಅವನ ಗುಡಿಯೂ ಅಲ್ಲ, ಶಾಸನವೂ ಅಲ್ಲ, ಕೀರ್ತಿಯಂತೂ ಅಲ್ಲವೇ ಅಲ್ಲ, ಅವನ ಕಸ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಹಾಸನದಿಂದ ಹೊಳೆನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಸೀಟಿನ ಮೇಲೆ ಹಿಂದಿನವರು ಬಿಟ್ಟುಹೋಗಿದ್ದ ಕಡಲೆಕಾಯಿ ಸಿಪ್ಪೆಯನ್ನು ಕರವಸ್ತ್ರದಿಂದ ಒಟ್ಟುಮಾಡುತ್ತಿದ್ದಾಗ. ಕಂಡಕ್ಟರು ನಿಂತು ನೋಡಿ, "ಕೆಳೀಕ್ ತಳ್ಳಿ ಕೂತ್ಕಳಿ ಸಾ, ಅದೇನ್ ಮ್ಯೂಸಿಯಮ್ಗೆ ಕೊಡ್ಬೇಕಾ?" ಎಂದ. ತಳ್ಳಿ ಕೂತೆ. ಕಸದ ವಿಲೇವಾರಿಗೆ ಮನುಕುಲ ಇದುವರೆಗೆ ಕಂಡುಕೊಂಡಿರುವ ವಿಧಾನವೂ ಹೆಚ್ಚುಕಡಿಮೆ ಅದೇ: ಕೆಳಗೆ ತಳ್ಳಿ, ಮೇಲೆ ಕೂರುವುದು.

ನನ್ನ ಬದುಕಿನ ಒಂಬತ್ತು ವರ್ಷಗಳು ಈ ವಿಧಾನ ಎಷ್ಟು ಸುರಕ್ಷಿತ ಎಂದು ಲೆಕ್ಕ ಹಾಕುವುದರಲ್ಲಿ ಹೋದವು. ಸಿಪ್ಪೆಯ ವಿಷಯದಲ್ಲಿ ಅಲ್ಲ, ಪರಮಾಣು ಕಸದ ವಿಷಯದಲ್ಲಿ.

ಆಗ ನಾನು ಹಾಸನದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕದ ನಡುಭಾಗ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಫ್ಯಾನುಗಳಿದ್ದವು, ಒಂದು ತಿರುಗುತ್ತಿತ್ತು. ತಿರುಗುವ ಫ್ಯಾನಿನ ಕೆಳಗಿನ ಕುರ್ಚಿಗಳು ಡಾಕ್ಟರೇಟ್ ಆದವರಿಗೆ ಎಂದು ಎಲ್ಲೂ ಬರೆದಿರಲಿಲ್ಲ; ಬರೆಯುವ ಅಗತ್ಯವೂ ಇರಲಿಲ್ಲ. ನಾನೇ ಪಾಠ ಹೇಳಿದ್ದವನೊಬ್ಬ ಡಾಕ್ಟರಾಗಿ ಬಂದು ಆ ಗಾಳಿಗೆ ಕೂತ ದಿನ, ನನ್ನನ್ನು ಕಂಡು ಎದ್ದು ನಿಂತು, "ಸರ್, ಬೇಕಾದ್ರೆ ನೀವೇ ಇಲ್ಲಿ ಕೂತ್ಕೊಳಿ" ಎಂದ. ಆ ‘ಬೇಕಾದ್ರೆ’ ನನ್ನನ್ನು ಮೈಸೂರಿಗೆ ಕಳಿಸಿತು. ಡಾಕ್ಟರೇಟ್ ಇಲ್ಲದೆ ಬಡ್ತಿಯಿಲ್ಲ, ಬಡ್ತಿಯಿಲ್ಲದೆ ಗಾಳಿಯಿಲ್ಲ. ನಲವತ್ತು ದಾಟಿದವನಿಗೆ ಇದಕ್ಕಿಂತ ದೊಡ್ಡ ಜ್ಞಾನದಾಹ ಬೇಕಿಲ್ಲ.

ಮೈಸೂರಿನಲ್ಲಿ ನನಗೆ ಸಿಕ್ಕ ಗೈಡು ಶಿಸ್ತಿನ ಮನುಷ್ಯರು. ಪೆನ್ಸಿಲ್ಲನ್ನೂ ಇಸ್ತ್ರಿ ಮಾಡಿಸಿದಂತೆ ಇಟ್ಟುಕೊಳ್ಳುತ್ತಿದ್ದರು.

"ನಿನಗೆ ಏನು ಬರತ್ತಯ್ಯಾ?" ಎಂದು ಕೇಳಿದರು.

"ಸಂಭವನೀಯತೆ ಸರ್."

"ಅದು ಎಲ್ರಿಗೂ ಬರತ್ತೆ. ಬಸ್ಸು ಬಂದ್ರೂ ಬರಬಹುದು, ಬರದೇನೂ ಇರಬಹುದು. ಕಂಪ್ಯೂಟರ್ ಬರತ್ತಾ?"

"ಏನೋ ಸ್ವಲ್ಪ ಬರತ್ತೆ ಸರ್."

ನನಗೆ ಕಂಪ್ಯೂಟರ್ ಚೆನ್ನಾಗಿಯೇ ಬರುತ್ತಿತ್ತು. ನಮ್ಮ ಕಾಲೇಜಿನಲ್ಲಿ ಅದನ್ನು ಹೆದರದೆ ಮುಟ್ಟುತ್ತಿದ್ದವನು ನಾನೊಬ್ಬನೇ. ಆದರೂ ಹಾಗೆಂದೆ. ನಮ್ಮ ಕಡೆ ಹಾಗೇ ಅನ್ನುವುದು.

ಅವರು ಕೊಟ್ಟ ವಿಷಯ ಇದು. ಅಣುಸ್ಥಾವರದಲ್ಲಿ ಉಳಿಯುವ ಕಸವನ್ನು ಗಾಜಿನಲ್ಲಿ ಕರಗಿಸಿ, ಗಾಜನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ನೆಲದಾಳದ ಗಟ್ಟಿ ಬಂಡೆಯೊಳಗೆ ಹೂಳಬಹುದು ಎಂದು ತಿಳಿದವರು ಹೇಳುತ್ತಾರೆ. ಹೂಳಿದ್ದನ್ನು ಮತ್ತೆ ಮೇಲೆ ತರಬಲ್ಲದ್ದು ನೀರು ಒಂದೇ. ಅದು ತರುತ್ತದೋ ಇಲ್ಲವೋ ಎಂದು ಹತ್ತು ಸಾವಿರ ವರ್ಷ ಕಾದು ನೋಡುವಷ್ಟು ಪುರುಸೊತ್ತು ಯಾವ ಗೈಡಿಗೂ ಇರುವುದಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ನೋಡಬೇಕು. ಹಾಸನ ಜಿಲ್ಲೆಯಲ್ಲಿ ಯಾರೂ ಏನನ್ನೂ ಹೂಳುವವರಿರಲಿಲ್ಲ. ಇದು ಲೆಕ್ಕದ ಕ್ರಮವನ್ನು ಒರೆಗೆ ಹಚ್ಚುವ ಅಭ್ಯಾಸ ಮಾತ್ರ. ಅಭ್ಯಾಸಕ್ಕೊಂದು ಬಂಡೆ ಬೇಕಿತ್ತು, ನಮ್ಮಲ್ಲಿ ಬಂಡೆಗೆ ಬರವಿಲ್ಲ.

ಇದನ್ನೆಲ್ಲ ಹೊಳೆನರಸೀಪುರದ ಗುಡಿಬೀದಿಯ ಮನೆಯಲ್ಲಿ ಅಮ್ಮನಿಗೆ ವಿವರಿಸಿದೆ. ಅಮ್ಮ ನಡುಮನೆಯಲ್ಲಿ ಪಕ್ಕದ ಮನೆಯಾಕೆಯೊಂದಿಗೆ ಚೌಕಾಬಾರ ಆಡಿ, ಸೋತು, ಆಕೆ ತಂದಿದ್ದ ಕವಡೆ ಒಟ್ಟುಮಾಡುತ್ತಿದ್ದಳು. ನಾನು ಆ ಕವಡೆಯನ್ನೇ ಹಿಡಿದು ಶುರುಮಾಡಿದೆ. ಬಂಡೆಯಲ್ಲಿ ಬಿರುಕು ಎಷ್ಟಿದೆ, ಬಿರುಕಿನಲ್ಲಿ ನೀರು ಎಷ್ಟು ಬೇಗ ಸಾಗುತ್ತದೆ, ಪೆಟ್ಟಿಗೆಗೆ ತುಕ್ಕು ಯಾವಾಗ ಹಿಡಿಯುತ್ತದೆ, ಗಾಜು ಎಷ್ಟು ನಿಧಾನವಾಗಿ ಕರಗುತ್ತದೆ, ಯಾವುದೂ ಖಚಿತವಾಗಿ ಗೊತ್ತಿಲ್ಲ. ಗೊತ್ತಿಲ್ಲದ ಒಂದೊಂದಕ್ಕೂ ಕಂಪ್ಯೂಟರು ಕವಡೆ ಹಾಕುತ್ತದೆ. ಬಿದ್ದ ಗರಗಳನ್ನೆಲ್ಲ ಸೇರಿಸಿ ಒಂದು ಬಂಡೆ ಕಟ್ಟುತ್ತದೆ. ಆ ಬಂಡೆಯ ಮೇಲೆ ಒಂದು ಬಾವಿ, ಬಾವಿಯ ಪಕ್ಕ ಒಂದು ಸಂಸಾರ. ಇನ್ನೂ ಹುಟ್ಟದ ಸಂಸಾರ, ಆದರೆ ನೀರು ಕುಡಿಯುತ್ತದೆ. ಹತ್ತು ಸಾವಿರ ವರ್ಷದಲ್ಲಿ ಆ ಬಾವಿಗೆ ಎಷ್ಟು ವಿಷ ಬಂತು ಎಂದು ನೋಡಿಕೊಂಡು, ಮತ್ತೆ ಕವಡೆ ಹಾಕಿ ಇನ್ನೊಂದು ಬಂಡೆ ಕಟ್ಟುತ್ತದೆ. ಹೀಗೆ ಹತ್ತು ಸಾವಿರ ಬಂಡೆ. ಎಷ್ಟು ಬಂಡೆಗಳಲ್ಲಿ ಆ ಸಂಸಾರದ ನೀರು ಕೆಟ್ಟಿತು ಎಂದು ಎಣಿಸಿದರೆ ಅಪಾಯ ಎಷ್ಟು ಎಂಬುದು ಗೊತ್ತಾಗುತ್ತದೆ.

"ಹತ್ತು ಸಾವಿರ ಸಲ ಕವಡೆ ಹಾಕ್ತೀಯಾ? ಅದಕ್ಕೆ ಡಾಕ್ಟ್ರು ಅಂತಾರಾ?" ಎಂದಳು ಅಮ್ಮ.

"ಹೂಂ."

"ಹಾಕು. ಆದ್ರೆ ಕವಡೆ ನೆಟ್ಟಗಿದ್ಯಾ ನೋಡ್ಕೋ. ಇವಳ ಮನೆ ಕವಡೆ ಹತ್ತು ಸಾವಿರ ಸಲ ಹಾಕಿದ್ರೂ ಇವಳಿಗೆ ಬೇಕಾದ್ದೇ ಬೀಳತ್ತೆ."

ಪಕ್ಕದ ಮನೆಯಾಕೆ ಹೊಸಿಲು ದಾಟುತ್ತಿದ್ದವಳು ತಿರುಗಿ, "ಸೋತೋರು ಎಲ್ಲಾ ಹೀಗೇ ಅನ್ನೋದು ಕಣ್ರೀ" ಎಂದು ಹೋದಳು. ನಾನು ನಕ್ಕೆ. ನನ್ನ ಶಾಸ್ತ್ರದಲ್ಲಿ ಅಷ್ಟು ಸ್ಪಷ್ಟವಾದ ಎಚ್ಚರಿಕೆಯನ್ನು ಆಮೇಲೆ ಯಾರೂ ಕೊಡಲಿಲ್ಲ.

ಬಂಡೆ ನೀರನ್ನು ಎಷ್ಟು ಬಿಡುತ್ತದೆ ಎಂದು ತಿಳಿಯಲು ಆಳವಾಗಿ ಕೊರೆದು ಪರೀಕ್ಷಿಸಬೇಕು. ನನ್ನಲ್ಲಿ ಕೊರೆಯಲು ಇದ್ದದ್ದು ಬಾಲ್ ಪೆನ್ನು. ಆದರೆ ಜಿಲ್ಲೆಯ ರೈತರು ಆಗಲೇ ಸಾವಿರಾರು ಕಡೆ ಕೊರೆಸಿಬಿಟ್ಟಿದ್ದರು. ಕೊಳವೆಬಾವಿಯಲ್ಲಿ ಬರುವ ನೀರನ್ನು ನಮ್ಮ ಕಡೆ ಇಂಚಿನಲ್ಲಿ ಹೇಳುತ್ತಾರೆ. ಬಾವಿ ಕೊರೆಯುವ ರಿಗ್ಗಿನವರು ಒಂದು ತಗಡಿನ ಅಂಚನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಮೂಲೆಯಾಗಿ ಕತ್ತರಿಸಿ ಹರಿಯುವ ನೀರಿಗೆ ಅಡ್ಡ ನಿಲ್ಲಿಸುತ್ತಾರೆ. ಆ ಮೂಲೆಯಲ್ಲಿ ನೀರು ಎಷ್ಟು ಎತ್ತರ ನಿಂತು ಹರಿಯಿತೋ ಅಷ್ಟು ಇಂಚು. ಬಾವಿಗಳ ಇಂಚು ಗೊತ್ತಾದರೆ ಬಂಡೆಯ ಬಿರುಕು ಅಂದಾಜಾಗುತ್ತದೆ; ಮುನ್ನೂರು ಅಡಿಯದು ಗೊತ್ತಾದರೆ ಇನ್ನೂ ಕೆಳಗಿನದನ್ನು ಊಹಿಸಬಹುದು ಎಂದು ಗೈಡು ಹೇಳಿದರು. ಮನೆಯ ಜಗುಲಿ ನೋಡಿ ಅಟ್ಟದಲ್ಲಿ ಏನಿದೆ ಎಂದು ಹೇಳಿದಂತೆ. ಆದರೂ ಇಂಥ ಊಹೆಗೆ ಒಂದು ಸೂತ್ರವಿತ್ತು, ಸೂತ್ರವಿದ್ದಲ್ಲಿ ಗೌರವವಿರುತ್ತದೆ.

ಎರಡು ಬೇಸಿಗೆ ರಜೆಗಳಲ್ಲಿ ಮೊಪೆಡ್ ಹತ್ತಿ ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳನ್ನು ಸುತ್ತಿದೆ. ಕೈಯಲ್ಲಿ ಅಚ್ಚು ಹಾಕಿಸಿದ ನಮೂನೆ: ಬಾವಿಯ ಆಳ, ಕಲ್ಲು ಸಿಕ್ಕಿದ್ದು ಎಷ್ಟು ಅಡಿಗೆ, ನೀರು ಎಷ್ಟು ಇಂಚು. ಬಾಗೂರಿನಲ್ಲಿ ಒಬ್ಬರು ಎಳನೀರು ಕೆತ್ತಿ ಕೈಗೆ ಕೊಟ್ಟು, "ನೀರಾ? ಏನೋ ಐತೆ ಬುಡಿ ಸಾ. ಒಂದು ಅಂತ ಬರ್ಕಳಿ" ಎಂದರು. ಅರಕಲಗೂಡಿನ ಆಚೆ ಒಬ್ಬಾಕೆ ಹೊಗೆಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದವಳು, "ಒಂದ್ ಅಂದ್ರೆ ಒಂದ್ ಕಣಣ್ಣ, ಅದೂ ಬಂದ್ರೆ ಬಂತು" ಎಂದಳು. ಅವಳ ಕಾಲಿನ ಕೆಳಗೆ ಕಾಲುವೆ ಸಶಬ್ದವಾಗಿ ಹರಿಯುತ್ತಿತ್ತು. ನಾನು ಬಗ್ಗಿ ನಮೂನೆ ತುಂಬುತ್ತಿದ್ದೆ. ಕಾಲುವೆ ನೋಡುವುದು ನಮೂನೆಯಲ್ಲಿ ಇರಲಿಲ್ಲ.

ಹಳೇಕೋಟೆಯ ಒಬ್ಬ ಗೌಡರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಆ ಸಲುಗೆಯಿಂದ ಅವರ ಮನೆಗೂ ಹೋದೆ. ಗೌಡರು ಜಗುಲಿಯ ಮೇಲೆ ಚಾಪೆ ಹಾಸಿಸಿದರು.

"ನಮ್ ಮಗಿ ಲೆಕ್ಕದಾಗೆ ಎಂಗವ್ಳೆ ಸಾ?"

"ಏನೋ ಪರವಾಗಿಲ್ಲ" ಎಂದೆ. ಅವಳು ತರಗತಿಗೆ ಮೊದಲಿಗಳು.

"ಅಷ್ಟಾದ್ರೆ ಸಾಕು ಬುಡಿ. ತಾವೇನು ಈ ಕಡೀಕೆ?"

"ನಿಮ್ಮ ಬೋರಿನಲ್ಲಿ ನೀರು ಎಷ್ಟಿದೆ ಅಂತ ಬರೆದುಕೊಳ್ಳೋಕೆ ಬಂದೆ."

ಗೌಡರು ನನ್ನ ಮುಖ ನೋಡಿದರು, ನಮೂನೆ ನೋಡಿದರು, ಬೀದಿಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಏನೋ ಒಂದಿಂಚು ಬತ್ತದೆ ಕಣ್ ಸಾ" ಎಂದರು. ಒಂದು ಎಂದು ಬರೆದುಕೊಂಡೆ.

ಹೀಗೆ ನೂರಾರು ಬಾವಿ. ಒಂದು, ಒಂದೂಕಾಲು, ಒಂದು, ಮುಕ್ಕಾಲು, ಒಂದು. ಏರುಪೇರೇ ಇಲ್ಲ. ಏರುಪೇರನ್ನು ಅಳೆಯುವುದೇ ಕಸುಬಾದವನಿಗೆ ಇಷ್ಟು ಸಪಾಟಾದ ಅಂಕಿಗಳನ್ನು ಕಂಡರೆ ಎದೆ ಧಸಕ್ಕೆನ್ನಬೇಕಿತ್ತು. ನನಗೆ ಹೆಮ್ಮೆಯಾಯಿತು. ನಮ್ಮ ಜಿಲ್ಲೆಯ ಬಂಡೆ ಎಷ್ಟು ಶಿಸ್ತಿನದು ಎಂದುಕೊಂಡೆ. ಗೈಡು ಕೂಡ ಹಾಳೆಗಳನ್ನು ತಿರುವಿ, "ಇಷ್ಟು ನೀಟಾದ ಡೇಟಾ ನಾನು ನನ್ನ ಸರ್ವೀಸಲ್ಲೇ ನೋಡಿಲ್ಲ ಕಣಯ್ಯಾ" ಎಂದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಕಾಲೇಜಿನ ಕಂಪ್ಯೂಟರ್ ಕೋಣೆ ಗರ್ಭಗುಡಿಯಂತಿತ್ತು: ಕತ್ತಲು, ತಂಪು, ಬಾಗಿಲಲ್ಲಿ ಚಪ್ಪಲಿ. ಬೀಗದ ಕೈ ಅರಕಲಗೂಡು ಕಡೆಯ ಒಬ್ಬ ಹಿರಿಯ ಅಟೆಂಡರ ಸೊಂಟದಲ್ಲಿತ್ತು. ಭಾನುವಾರ ಬೆಳಿಗ್ಗೆ ಅವರು ಬಾಗಿಲು ತೆರೆದರೆ ನಾನು ಲೆಕ್ಕ ಹಚ್ಚಿ ಕೂರುತ್ತಿದ್ದೆ. ಕರೆಂಟು ಹೋದರೆ ಬಂಡೆಗಳೆಲ್ಲ ಹೋಗುತ್ತಿದ್ದವು, ಮತ್ತೆ ಒಂದರಿಂದ.

"ಎಷ್ಟ್ ಬಂಡೆ ಆಯ್ತು ಸಾ?" ಎಂದು ಅವರು ಆಗಾಗ ಇಣುಕುತ್ತಿದ್ದರು.

"ಆರು ಸಾವಿರ."

"ಕ್ವಾರಿ ಲಾರಿಯೋರೂ ಇಷ್ಟು ತೆಗ್ಯಾಕಿಲ್ಲ ಬುಡಿ. ಆ ಮನೆಯೋರು ಎಂಗವ್ರೆ?"

ಬಾವಿಯ ಪಕ್ಕದ ಸಂಸಾರದ ಕಥೆಯನ್ನು ಅವರಿಗೂ ಹೇಳಿದ್ದೆ. ಅವರಿಗೆ ಬಂಡೆಗಿಂತ ಆ ಸಂಸಾರದ ಮೇಲೆಯೇ ಕಾಳಜಿ. "ಚೆನ್ನಾಗಿದಾರೆ" ಎನ್ನುತ್ತಿದ್ದೆ. ಹತ್ತು ಸಾವಿರ ಮುಗಿದ ದಿನ ನೋಡಿದರೆ ಹೆಚ್ಚುಕಡಿಮೆ ಎಲ್ಲ ಬಂಡೆಗಳಲ್ಲೂ ಸಂಸಾರ ಚೆನ್ನಾಗಿಯೇ ಇತ್ತು. ಒಂದಿಂಚು ನೀರು ಬಿಡುವ ಬಿಗಿಮುಷ್ಟಿಯ ಬಂಡೆಯಿಂದ ವಿಷ ಮೇಲೆ ಬರುವುದಾದರೂ ಹೇಗೆ? ಗೈಡು ಒಂದು ಲೇಖನ ಬರೆದರು. ಅವರ ಹೆಸರು ಮುಂದೆ, ನನ್ನದು ಹಿಂದೆ, ನಡುವೆ ನಮ್ಮ ಮೂರು ತಾಲ್ಲೂಕಿನ ಬಂಡೆಯ ಒಂದು ಕೋಷ್ಟಕ. ಪ್ರಬಂಧ ಟೈಪಾಯಿತು. ನೋಂದಣಿಯ ಅವಧಿ ಆಗಲೇ ಒಮ್ಮೆ ಮುಗಿದು, ಬೇಡಿಕೊಂಡು ವಿಸ್ತರಿಸಿಕೊಂಡಿದ್ದೆ. ಉಳಿದಿದ್ದದ್ದು ರಟ್ಟು ಹಾಕಿಸುವುದು, ಗೈಡಿನ ಸಹಿ.

ಆ ಹೊತ್ತಿಗೆ ಹಳೇಕೋಟೆಯ ಗೌಡರು ಹೊಸಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಊಟವಾದ ಮೇಲೆ ಕೈ ತೊಳೆಯಲು ಜನ ಹೆಚ್ಚಿದ್ದರಿಂದ ಗೌಡರ ಮಗಳು, "ಸರ್, ಪಂಪ್‌ಹೌಸ್ ಹತ್ರ ಬನ್ನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು. ತೊಟ್ಟಿಗೆ ಪೈಪಿನಿಂದ ನೀರು ಬೀಳುತ್ತಿತ್ತು. ಬೀಳುತ್ತಿತ್ತು ಎಂದರೆ ತಪ್ಪು. ಪೈಪಿನ ಬಾಯಿ ತುಂಬಿ, ಎದುರಿನ ಗೋಡೆಗೆ ಅಪ್ಪಳಿಸಿ, ತೊಟ್ಟಿ ಮೀರಿ, ತೆಂಗಿನ ಸಾಲಿನ ಕಡೆ ಓಡುತ್ತಿತ್ತು. ಕೈ ಒಡ್ಡಿದರೆ ಕೈ ಹಿಂದಕ್ಕೆ ಬಂತು. ಎಂಜಲುಗೈಯಲ್ಲೇ ನಿಂತೆ.

ಗೌಡರು ವೀಳ್ಯ ಹಿಡಿದು ಬಂದರು.

"ಗೌಡರೇ, ಇದು ಅದೇ ಬೋರಾ?"

"ಅದೇ ಕಣ್ ಸಾ. ಇನ್ಯಾವ್ದು?"

"ಅವತ್ತು ಒಂದಿಂಚು ಅಂದಿರಿ."

"ಅಂದಿರ್ಬೇಕು."

"ಇದು ಒಂದಿಂಚಾ?"

ಗೌಡರು ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದರು. "ಮೆಲ್ಲುಕೆ ಅನ್ನಿ ಸಾ, ಜನ ಅವ್ರೆ. ಕೊರೆಸ್ದಾಗ ಮೂರಿಂಚಿಗೂ ಮ್ಯಾಲೇ ಬಂದಿತ್ತು. ಅಂಗಂತ ಬೀದೀಲಿ ಕುಂತು, ಬಂದೋರ್ಗೆಲ್ಲ ಮೂರಿಂಚು ಮೂರಿಂಚು ಅಂತ ಡಂಗುರ ಹೊಡ್ಯಾಕಾಯ್ತದಾ? ಗಂಗಮ್ಮ ಸಾ ಅದು. ದಿಷ್ಟಿ ಆಗಿ ನಿಂತೋದ್ರೆ ತಾವು ತಂದ್ಕೊಡ್ತೀರಾ?"

"ನಾನು ನಿಮ್ಮ ಮಗಳ ಮೇಷ್ಟ್ರು ಗೌಡರೇ. ನನ್ನ ಹತ್ರಾನೂ?"

"ಮೇಷ್ಟ್ರು ಅಂತಾನೇ ಒಂದು ಅಂದೆ. ಬ್ಯಾರೇರ್ಗಾಗಿದ್ರೆ ಇಲ್ಲ ಅಂತಿದ್ದೆ." ಆಮೇಲೆ ಕನಿಕರದಿಂದ ನೋಡಿ, "ತಾವೂ ಈ ಕಡೆಯೋರೇ ಅಲ್ವ್ರಾ? ನಮ್ ಮಗಿ ಕ್ಲಾಸ್ಗೇ ಫಸ್ಟು. ತಾವೇನಂದ್ರಿ ಅವತ್ತು? ಪರ್ವಾಗಿಲ್ಲ ಅಂದ್ರಿ. ನಾನೇನು ಅದ್ನ ಬರ್ಕಂಡ್ನಾ?" ಎಂದರು.

ನಾನು ಬರೆದುಕೊಂಡಿದ್ದೆ. ನೂರಾರು ಸಲ ಬರೆದುಕೊಂಡಿದ್ದೆ. ತಗಡಿನ ಮೂಲೆಯಲ್ಲಿ ಮೂರಿಂಚು ಎಂದರೆ ಒಂದಿಂಚಿನ ಮೂರರಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು. ಎತ್ತರ ಏರಿದಂತೆ ಅಗಲವೂ ಏರುತ್ತದೆ. ಒಂದು ಸಂಕೋಚದ ಮಾತು ನನ್ನ ಸೂತ್ರದೊಳಗೆ ಹೋಗಿ ಬಂಡೆಯ ಬಿರುಕುಗಳನ್ನೆಲ್ಲ ಗಾರೆ ಹಾಕಿ ಮುಚ್ಚಿಬಿಟ್ಟಿತ್ತು.

ಹೊಳೆನರಸೀಪುರಕ್ಕೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಆಶ್ಚರ್ಯವಾದದ್ದು ಗೌಡರ ಬಗ್ಗೆ ಅಲ್ಲ.

"ನಿನಗೆ ಗೊತ್ತಿರಲಿಲ್ವೇನೋ? ನೀನು ರ‍್ಯಾಂಕ್ ಬಂದಾಗ ನಾನು ಬೀದಿಯವರಿಗೆ ಏನಂದೆ?"

"ಏನೋ ಪಾಸಾದ ಅಂದೆ."

"ಮತ್ತೆ! ಇದ್ದದ್ದನ್ನ ಇದ್ದಷ್ಟು ಯಾರಾದ್ರೂ ಬಾಯಲ್ಲಿ ಹೇಳ್ತಾರಾ? ಮೊಪೆಡ್‌ನಲ್ಲಿ ಊರೂರು ತಿರುಗೋ ಬದ್ಲು ಒಂದ್ಮಾತು ನನ್ನ ಕೇಳಿದ್ರೆ ಆಗ್ತಿತ್ತು."

ಅಕ್ಕಿಯ ಡಬ್ಬ ಖಾಲಿಯಾದರೆ ‘ಅಕ್ಕಿ ತುಂಬಿದೆ’ ಎನ್ನುವ ಮನೆಯಲ್ಲಿ ಹುಟ್ಟಿದವನು ನಾನು. ಪರದೇಶದ ವಿಜ್ಞಾನಿಯೊಬ್ಬ ಬಂದಿದ್ದರೆ ರೈತರ ಮಾತು ನಂಬದೆ ತಾನೇ ಅಳೆಯುತ್ತಿದ್ದ. ಪಕ್ಕಾ ಹಳ್ಳಿಯವನಾಗಿದ್ದರೆ ಮಾತು ಕೇಳಿ ಮೂರರಿಂದ ಗುಣಿಸಿಕೊಳ್ಳುತ್ತಿದ್ದ. ಸಂಕೋಚವನ್ನು ಅಂಕಿಯೆಂದು ಬರೆದುಕೊಳ್ಳಲು ಗುಡಿಬೀದಿಯಲ್ಲಿ ಹುಟ್ಟಿ ಸಂಖ್ಯಾಶಾಸ್ತ್ರ ಓದಿದವನೇ ಬೇಕಿತ್ತು.

ಮುಂದಿನ ಮೂರು ವಾರ ಮೊಪೆಡ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಡ್ರಮ್ಮು ಕಟ್ಟಿಕೊಂಡು ತಿರುಗಿದೆ. ಡ್ರಮ್ಮು ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳುವುದು. ರೈತರು ನನ್ನನ್ನು ನೀರು ಕದಿಯುವವನಂತೆ ನೋಡಿದರು. ಕೆಲವರು ಪಂಪು ಹಾಕಲು ಒಪ್ಪಲಿಲ್ಲ. ಬಾಗೂರಿನವರು ಮತ್ತೆ ಎಳನೀರು ಕೊಟ್ಟು, "ಕರೆಂಟಿಲ್ಲ ಸಾ" ಎಂದರು, ಒಳಗೆ ರೇಡಿಯೊ ಹಾಡುತ್ತಿತ್ತು. ಅಳೆಯಲು ಬಿಟ್ಟವರದು ಹನ್ನೆರಡು ಬಾವಿ. ಅದರಲ್ಲಿ ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾದದ್ದು ಒಂದೇ ಒಂದು. ಅದರ ಒಡೆಯ ಹೊರಗಿನಿಂದ ಬಂದು ಜಮೀನು ಕೊಂಡವನು. ಇನ್ನೂ ನಮ್ಮ ರೀತಿ ಕಲಿತಿರಲಿಲ್ಲ.

ಅಳೆದ ಅಂಕಿಗಳನ್ನಿಟ್ಟುಕೊಂಡು ಮತ್ತೆ ಭಾನುವಾರಗಳಲ್ಲಿ ಕೂತೆ. ಅಟೆಂಡರು ಬಾಗಿಲಲ್ಲಿ ನಿಂತು, "ಮತ್ತೆ ಬಂಡೆಯಾ ಸಾ?" ಎಂದರು. ಹತ್ತು ಸಾವಿರ ಮುಗಿದ ದಿನ ಮಾಮೂಲಿನಂತೆ ಕೇಳಿದರು.

"ಆ ಮನೆಯೋರು ಎಂಗವ್ರೆ ಸಾ?"

"ಕೆಲವು ಬಂಡೇಲಿ ಉಳೀತಾರೆ" ಎಂದೆ.

ಅವರು ಸೊಂಟದಿಂದ ಬೀಗದ ಕೈ ಬಿಚ್ಚುತ್ತಾ, "ಮಕ್ಕಳಿದ್ವಾ?" ಎಂದು ಕೇಳಿದರು. ಲೆಕ್ಕದಲ್ಲಿ ಅದನ್ನೂ ಹಾಕಿದ್ದೆ, ಏಕೆಂದರೆ ಮೈ ತಡೆದುಕೊಳ್ಳುವ ವಿಷದ ಮಿತಿ ಮಕ್ಕಳಿಗೆ ಬೇರೆ. ಇದ್ದವು ಎಂದೆ. ಅವರು ಬೀಗ ಹಾಕಿಕೊಂಡು ಹೋದರು. ಆಮೇಲೆ ಆ ಸಂಸಾರದ ಸುದ್ದಿ ಕೇಳಲಿಲ್ಲ.

ಮೈಸೂರಿಗೆ ಹೋಗಿ ಗೈಡಿನ ಮುಂದೆ ಹೊಸ ನೋಟುಪುಸ್ತಕವನ್ನಿಟ್ಟೆ. ಅವರು ಪೆನ್ಸಿಲ್ಲಿನಿಂದ ಮುಟ್ಟಿ ನೋಡಿದರೇ ಹೊರತು ಕೈಯಿಂದ ಮುಟ್ಟಲಿಲ್ಲ.

"ಹನ್ನೆರಡು ಬಾವಿ ಇಟ್ಕೊಂಡು ಮೂರು ತಾಲ್ಲೂಕಿನ ಬಗ್ಗೆ ಮಾತಾಡ್ತೀಯಾ? ನಿನಗೆ ಸ್ಯಾಂಪಲ್ ಅಂದ್ರೆ ಏನು ಅಂತ ನಾನು ಹೇಳ್ಕೊಡ್ಬೇಕಾ?"

"ಮಿಕ್ಕಿದ್ದನ್ನೂ ಅಳೀತೀನಿ ಸರ್. ಎರಡು ಬೇಸಿಗೆ ಬೇಕು."

"ಅಳಿ. ಯಾರು ಬೇಡ ಅಂದ್ರು? ನಿನ್ನ ರಿಜಿಸ್ಟ್ರೇಷನ್ ಮುಗಿಯೋದು ಮಾರ್ಚಿಗೆ, ಇನ್ನೊಂದ್ಸಲ ಕೊಡಲ್ಲ. ನಾನು ರಿಟೈರ್ ಆಗೋದು ಜೂನಿಗೆ. ಆಮೇಲೆ ಆರಾಮಾಗಿ ಅಳೀತಾ ಇರು." ನೋಟುಪುಸ್ತಕವನ್ನು ಪೆನ್ಸಿಲ್ಲಿನಿಂದಲೇ ನನ್ನ ಕಡೆ ತಳ್ಳಿ, "ಅಲ್ಲಯ್ಯಾ, ನಿಮ್ಮ ಊರಲ್ಲಿ ಯಾರಾದ್ರೂ ಏನಾದ್ರೂ ಹೂಳ್ತಾರಾ?" ಎಂದರು.

"ಇಲ್ಲ ಸರ್."

"ಮತ್ತೆ ಯಾರು ಸಾಯ್ತಾರೆ?"

ಇಲ್ಲದ ಬಾವಿಯ ಪಕ್ಕದ, ಇನ್ನೂ ಹುಟ್ಟದ ಸಂಸಾರದ ಪರವಾಗಿ ವಾದಿಸುವುದು ಕಷ್ಟ. "ನಮ್ಮ ಕೋಷ್ಟಕ ಬೇರೆಯವರೂ ತಗೊಳ್ತಾರಲ್ಲ ಸರ್" ಎಂದೆ.

"ಅವರಿಗೆ ಅವರದೇ ಗೈಡ್ ಇರ್ತಾರೆ."

ಕೊನೆಗೆ ಒಂದು ವಾಕ್ಯಕ್ಕೆ ಒಪ್ಪಿದರು. ಪ್ರಬಂಧ ಇಂಗ್ಲಿಷಿನಲ್ಲಿತ್ತು, ಆ ವಾಕ್ಯದ ಕನ್ನಡ ಹೀಗೆ: ‘ನೀರಿನ ಪ್ರಮಾಣವು ರೈತರ ಹೇಳಿಕೆಯನ್ನು ಆಧರಿಸಿದ್ದು, ಅದರಲ್ಲಿ ಅಲ್ಪ ವ್ಯತ್ಯಾಸವಿರಬಹುದು.’ ನಾನು ಮೊದಲು ಬರೆದದ್ದು ‘ಭಾರಿ’ ಎಂದು. ಗೈಡು ಪೆನ್ಸಿಲ್ಲಿನಿಂದ ಹೊಡೆದರು. ‘ಒಂದಿಷ್ಟು’ ಎಂದೆ. ಅದನ್ನೂ ಹೊಡೆದು ಪೆನ್ಸಿಲ್ಲನ್ನು ಹಿಡಿದುಕೊಂಡೇ ಇದ್ದರು. ‘ಅಲ್ಪ’ ಎಂಬ ಪದವನ್ನು ಅವರು ಹೇಳಲಿಲ್ಲ. ಅದನ್ನು ಕೊಟ್ಟವನು ನಾನು. ಈ ಒಂದು ವಿಷಯದಲ್ಲಿ ಅವರಿಗೆ ಅನ್ಯಾಯವಾಗಬಾರದು.

ಮಾರ್ಚಿಗೆ ಮುಂಚೆ ರಟ್ಟು ಹಾಕಿಸಿದೆ. ಸಹಿಯಾಯಿತು.

ಮೌಖಿಕ ಪರೀಕ್ಷೆಗೆ ಬೇರೆ ರಾಜ್ಯದಿಂದ ಒಬ್ಬ ಹಿರಿಯರು ಬಂದಿದ್ದರು. ಕೈ ಸ್ವಲ್ಪ ನಡುಗುತ್ತಿತ್ತು, ಕನ್ನಡಕ ದಪ್ಪ. ಇವರು ಬರಿ ಚಹಾ ಕುಡಿದು ಹೋಗುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಪುಟ ತಿರುವುತ್ತಾ ಬಂದು, ಆ ವಾಕ್ಯದ ಮೇಲೆ ಬೆರಳಿಟ್ಟು ನಿಂತರು. ನಾನ್ನೂರು ಚಿಲ್ಲರೆ ಪುಟಗಳಲ್ಲಿ ನಿಲ್ಲಬೇಕಾದ ಜಾಗ ಅದೊಂದೇ, ಅಲ್ಲೇ ನಿಂತರು.

"ಅಲ್ಪ ಎಂದರೆ ಎಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಕಾಲಿನ ಬಳಿಯಿದ್ದ ಚೀಲದಲ್ಲಿ ಆ ನೋಟುಪುಸ್ತಕವಿತ್ತು. ಏಕೆ ತಂದಿದ್ದೆನೋ ತಿಳಿಯದು; ಯಾರಾದರೂ ಕೇಳಿದರೆ ಎಂದೇ ತಂದಿರಬೇಕು. ಹನ್ನೆರಡು ಬಾವಿ, ಡ್ರಮ್ಮು, ಗಡಿಯಾರ, ಎರಡನೆಯ ಸಲದ ಹತ್ತು ಸಾವಿರ ಬಂಡೆ, ಎಲ್ಲ ಅದರಲ್ಲಿತ್ತು. ಬಗ್ಗಿ ತೆಗೆದರೆ ಮೇಜಿನ ಮೇಲೆ. ಆ ಮುದುಕರು ನಿಜವಾಗಿ ಕೇಳುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ನನ್ನನ್ನು ನಿಜವಾಗಿ ಏನನ್ನಾದರೂ ಕೇಳಿದವರು ಅವರು ಮತ್ತು ಆ ಅಟೆಂಡರು. ಗೈಡು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಏನೋ ಸ್ವಲ್ಪ ಇರಬಹುದು ಸರ್" ಎಂದೆ. ಇಂಗ್ಲಿಷಿನಲ್ಲೇ ಅಂದೆ, ಆದರೆ ಅದು ಅಮ್ಮನ ದನಿ, ಗೌಡರ ದನಿ, ಬಾಗೂರಿನ ದನಿ. ಅವರು ತಮ್ಮ ನೀರು ಉಳಿಸಿಕೊಳ್ಳಲು ಹಾಗೆ ಅಂದಿದ್ದರು.

ಹಿರಿಯರು ಒಂದು ಕ್ಷಣ ನನ್ನನ್ನು ನೋಡಿ ಪುಟ ತಿರುವಿದರು. ಅವರಿಗೆ ನಮ್ಮ ಕಡೆಯ ರೀತಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೂರರಿಂದ ಗುಣಿಸಿಕೊಳ್ಳುತ್ತಿದ್ದರು.

ಕಾಲೇಜಿನಲ್ಲಿ ನನಗೆ ಹೊಸ ಕುರ್ಚಿ ಬಂತು. ಗಾಳಿ ಚೆನ್ನಾಗಿತ್ತು, ಮುಂದೆ ಇಟ್ಟ ಹಾಳೆಗಳೆಲ್ಲ ಹಾರುತ್ತಿದ್ದವು. ಗುಡಿಬೀದಿಯಲ್ಲಿ ಪಕ್ಕದ ಮನೆಯಾಕೆ, "ಮಗ ಡಾಕ್ಟ್ರಾದ್ನಂತಲ್ರೀ" ಎಂದಾಗ ಅಮ್ಮ, "ಏನೋ ಒಂದು ಕಾಗದ ಬಂತಂತೆ ಕಣ್ರೀ" ಎಂದಳು. ಅಮ್ಮ ಜೀವಮಾನದಲ್ಲಿ ಇದ್ದದ್ದನ್ನು ಇದ್ದಷ್ಟೇ ಹೇಳಿದ್ದು ಆ ಒಂದು ಸಲ. ಹಳೇಕೋಟೆಯ ಗೌಡರು ತೆಂಗಿನಕಾಯಿ ಮೂಟೆ ಹೊರಿಸಿಕೊಂಡು ಬಂದು ಶಾಲು ಹೊದಿಸಿದರು.

"ಬೋ ದೊಡ್ಡ ಪದ್ವಿಯಂತೆ ಸಾ?"

"ಏನೋ ಆಯ್ತು ಗೌಡರೇ."

"ಅಂಗೇ ಅನ್ಬೇಕು ಕಣ್ ಸಾ" ಎಂದು ಮೆಚ್ಚಿ ತಲೆಯಾಡಿಸಿದರು. "ಈಗ್ ಕಲ್ತ್ರಿ."

ಒಂದೆರಡು ವರ್ಷದ ಮೇಲೆ ಉತ್ತರದ ಕಡೆಯ ಸಂಶೋಧಕನೊಬ್ಬನಿಂದ ಪತ್ರ ಬಂತು. ಅವನೂ ಬಂಡೆಗಳ ಮೇಲೆ ಇಂಥದೇ ಲೆಕ್ಕ ಮಾಡುತ್ತಿದ್ದನಂತೆ; ತನ್ನ ಕಡೆ ಅಳತೆಗಳು ಸಿಗುತ್ತಿಲ್ಲ, ನಮ್ಮ ಕೋಷ್ಟಕವನ್ನು ಬಳಸಿಕೊಳ್ಳಬಹುದೇ, ಇಷ್ಟು ಅಚ್ಚುಕಟ್ಟಾದ ಅಂಕಿಗಳನ್ನು ತಾನು ನೋಡಿಯೇ ಇಲ್ಲ ಎಂದು ಬರೆದಿದ್ದ. ನೋಟುಪುಸ್ತಕದ ವಿಷಯ ಬರೆಯಬೇಕೆಂದು ಎರಡು ಸಲ ಕೂತೆ. ಎರಡು ಸಲವೂ ಕೆಳಗೆ ಸಹಿಯ ಜಾಗದಲ್ಲಿ ಹೆಸರಿನ ಮುಂದೆ ‘ಡಾ’ ಎಂದು ಬರೆದು ನಿಲ್ಲಿಸಿದೆ. ಕೋಷ್ಟಕವನ್ನು ಜೆರಾಕ್ಸ್ ಮಾಡಿಸಿ ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಅಂಚೆಗೆ ಹಾಕಿದೆ. ಅವನಿಗೂ ಒಬ್ಬ ಗೈಡ್ ಇದ್ದಿರಬೇಕು.

ಪ್ರಬಂಧ ಅಂಗೀಕಾರವಾಗಿದೆ. ಹಳೇಕೋಟೆಯ ಆ ಕೊಳವೆಬಾವಿಯ ನೀರು ಅದರಲ್ಲಿ ಒಂದಿಂಚು.